ಸಾವಿರ ಬೀಡಿಯ ಕೂಲಿ, ತಿಂಗಳ ಬಾಡಿಗೆ: ಕುಂಭಾರಿಯಲ್ಲಿ ಕಲಿತ ಒಂದು ಲೆಕ್ಕ

ನಮ್ಮ ಉಪ್ಪನ ಜೀನಸು ಅಂಗಡಿಯಲ್ಲಿ ಎರಡು ಪುಸ್ತಕಗಳಿದ್ದವು. ಒಂದು ನಗದಿನದ್ದು, ತೆಳ್ಳಗಿನದು. ಇನ್ನೊಂದು ಬಾಕಿಯದ್ದು, ಕೆಂಪು ರಟ್ಟಿನ ದಪ್ಪ ಪುಸ್ತಕ. ಬಾಕಿ ಪುಸ್ತಕದಲ್ಲಿ ಹೆಂಗಸರ ಹೆಸರು ಬರೆಯುವ ಕ್ರಮ ಉಪ್ಪನಿಗೆ ಇರಲಿಲ್ಲ. "ಗುಡ್ಡೆಮನೆ", "ಬಾವಿಯ ಹತ್ತಿರ", "ಮದ್ರಸದ ಹಿಂದೆ" ಎಂದು ಬರೆಯುತ್ತಿದ್ದರು. ಶಾಲೆ ಬಿಟ್ಟು ಬಂದು ಅಂಗಡಿಯಲ್ಲಿ ಕೂರುತ್ತಿದ್ದ ನನಗೆ ಬೇಗನೆ ಒಂದು ವಿಷಯ ಗೊತ್ತಾಯಿತು. ಆ ಪುಸ್ತಕದ ಬಾಕಿ ತೀರುವುದು ಬೀಡಿಯ ಬಟವಾಡೆಯಾದ ದಿನ. ಅಂದು ಸಂಜೆ ಬ್ರಾಂಚಿನಿಂದ ನೇರ ನಮ್ಮ ಅಂಗಡಿಗೆ ಬರುವ ಹೆಂಗಸರ ಸಾಲು ಇರುತ್ತಿತ್ತು. ಹಳೆಯ ಬಾಕಿಗೆ ಸ್ವಲ್ಪ ಕೊಟ್ಟು, ಹೊಸ ಬಾಕಿಗೆ ಕುಚ್ಚಲಕ್ಕಿ, ಒಣಮೀನು, ಚಾಹುಡಿ, ಬೆಲ್ಲ ತೆಗೆದುಕೊಂಡು ಹೋಗುತ್ತಿದ್ದರು. "ಬೀಡಿ ನಿಂತರೆ ನಮ್ಮ ಅಂಗಡಿಯೂ ನಿಂತಿತು ಅಂತ ತಿಳಿ ಮೋನೆ" ಎಂದು ಉಪ್ಪ ಹೇಳುತ್ತಿದ್ದರು.

ನಮ್ಮ ಮನೆಯಲ್ಲೂ ಬೀಡಿ ಇತ್ತು. ಉಮ್ಮ ಇಶಾ ಆದ ಮೇಲೆ ಗೆರಸೆ ಹಿಡಿದು ಕೂರುತ್ತಿದ್ದರು. ಅಂಗಡಿಯವನ ಹೆಂಡತಿ ಬೀಡಿ ಕಟ್ಟುತ್ತಾಳೆ ಎಂದು ಯಾರೂ ಆಡಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಕಟ್ಟದ ಮನೆಗಳೇ ಕಡಿಮೆ. ನನ್ನ ಮೆಕ್ಯಾನಿಕಲ್ ಡಿಪ್ಲೊಮಾದ ಫೀಸಿನಲ್ಲಿ ಉಪ್ಪನ ಪಾಲು ಎಷ್ಟು, ಉಮ್ಮನ ಬೀಡಿಯ ಪಾಲು ಎಷ್ಟು ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಬೇಕು ಅನಿಸಿದ್ದು ಬಹಳ ತಡವಾಗಿ, ಅದೂ ನಮ್ಮ ಊರಿನಿಂದ ಬಹಳ ದೂರದ ಕುಂಭಾರಿ ಎಂಬ ಹಳ್ಳಿಯಲ್ಲಿ.

ಸೊಲ್ಲಾಪುರದ ದಾರಿ

ಕೆಲವು ವರ್ಷಗಳ ಹಿಂದೆ ಯಂತ್ರವೊಂದನ್ನು ಕೂರಿಸುವ ಕೆಲಸಕ್ಕಾಗಿ ನನ್ನನ್ನು ಸೊಲ್ಲಾಪುರಕ್ಕೆ ಕಳಿಸಿದ್ದರು. ಮಹಾರಾಷ್ಟ್ರ ಎಂದುಕೊಂಡು ಮುರುಕು ಹಿಂದಿಯಲ್ಲಿ ಮಾತು ಶುರು ಮಾಡಿದರೆ, ಜೊತೆಗೆ ಸಿಕ್ಕ ಫಿಟ್ಟರ್ ಅಕ್ಕಲಕೋಟೆಯ ಕಡೆಯವ, ಮನೆಮಾತು ಕನ್ನಡ. "ಯಾಕ್ರೀ, ಹಿಂದಿ ಯಾಕ ಮಾತಾಡ್ತೀರಿ? ನಾವೂ ಕನ್ನಡದವರ ಅದೀವಿ" ಎಂದ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 12ನೇ ಶತಮಾನದ ವಚನಕಾರ ಶಿವಯೋಗಿ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆಯನ್ನೂ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಇತ್ತು. ಎರಡೂ ಇಂದಿಗೂ ಹೊರಗೇ ಇವೆ. ಕಾಸರಗೋಡಿನಲ್ಲಿ ನೆಂಟರಿರುವ ನಮಗೆ ಆ ಫಿಟ್ಟರನ ಮಾತು ಬೇಗ ಅರ್ಥವಾಗುತ್ತದೆ.

ಒಂದು ರಜಾ ದಿನ ಅವನು ನನ್ನನ್ನು ಬೈಕಿನಲ್ಲಿ ಕುಂಭಾರಿಗೆ ಕರೆದುಕೊಂಡು ಹೋದ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿ ಅದು. ಸುತ್ತ ಕಪ್ಪು ಮಣ್ಣು, ಜೋಳದ ಹೊಲ. ನಡುವೆ ಒಮ್ಮೆಲೇ ಒಂದೇ ಅಚ್ಚಿನ ಸಣ್ಣ ಸಣ್ಣ ಮನೆಗಳು, ಸಾಲಿನ ಮೇಲೆ ಸಾಲು, ಕಣ್ಣು ಮುಟ್ಟುವವರೆಗೂ. ಚಹಾದಂಗಡಿಯ ಮುದುಕರೊಬ್ಬರು ಹೇಳಿದರು: "ಮೊದ್ಲ ಇಲ್ಲಿ ಜ್ವಾಳ ಬೆಳೀತಿತ್ರಿ, ಈಗ ಮನಿ ಬೆಳ್ದಾವ." ಒಂದು ಮನೆಯ ಬಾಗಿಲಲ್ಲಿ ಹೆಂಗಸೊಬ್ಬರು ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕತ್ತರಿಯಲ್ಲಿ ಎಲೆ ಕತ್ತರಿಸುತ್ತಿದ್ದರು. ನಾನು ನಿಂತುಬಿಟ್ಟೆ. ಆ ಕೈಯ ಓಟ ನನಗೆ ಗೊತ್ತಿದ್ದದ್ದೇ.

ಗಿರಣಿಯ ಊರಿನ ಕೂಲಿ

ಆ ಮನೆಗಳು ಅಲ್ಲಿಗೆ ಹೇಗೆ ಬಂದವು ಎಂದು ತಿಳಿಯಲು ಸೊಲ್ಲಾಪುರದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. 1877ರಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಮಿಲ್ ಅಲ್ಲಿ ಸ್ಥಾಪನೆಯಾಯಿತು. ಜನ ಅದನ್ನು ಹಳೇ ಮಿಲ್ ಎಂದು ಕರೆಯುತ್ತಾರೆ. ಆಮೇಲೆ ಇನ್ನೂ ಕೆಲವು ಗಿರಣಿಗಳು ಬಂದವು. ಬರಗಾಲದ ಹಳ್ಳಿಗಳಿಂದ ಕನ್ನಡಿಗರು, ಮರಾಠಿಗರು, ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಕೂಲಿಗೆ ಬಂದು ನೆಲೆಸಿದರು. ಗಾಂಧೀಜಿಯ ಬಂಧನವಾದ 1930ರ ಮೇ ತಿಂಗಳಲ್ಲಿ ಈ ಊರು ಎದ್ದು ನಿಂತಾಗ ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಯೆರವಾಡ ಜೈಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು.

ಕೂಲಿಯ ಲೆಕ್ಕದ ಮಟ್ಟಿಗೂ ಸೊಲ್ಲಾಪುರಕ್ಕೆ ಒಂದು ವಿಶೇಷ ಸ್ಥಾನ ಉಂಟು. ಮುಂಬಯಿ ಸರಕಾರ 1921ರಲ್ಲಿ ಲೇಬರ್ ಆಫೀಸ್ ತೆರೆದಿತ್ತು. ಅದರ ಜನ ಸೊಲ್ಲಾಪುರದ ಗಿರಣಿ ಕಾರ್ಮಿಕರ ಮನೆಮನೆಯ ಆದಾಯ ಖರ್ಚು ಬರೆದುಕೊಂಡರು. ಅದರ ವರದಿ 1928ರಲ್ಲಿ ಪ್ರಕಟವಾಯಿತು. ಆಹಾರ, ಉರುವಲು ಮತ್ತು ದೀಪ, ಬಟ್ಟೆ, ಮನೆ ಬಾಡಿಗೆ, ಇತರೆ ಎಂದು ಬಡವನ ಸಂಸಾರವನ್ನು ಕಾಲಂ ಕಾಲಂ ಆಗಿ ವಿಂಗಡಿಸಿದ ಲೆಕ್ಕ ಅದು. ಆಮೇಲೆ ಸೊಲ್ಲಾಪುರಕ್ಕೇ ಬೇರೆ ಜೀವನ ವೆಚ್ಚದ ಸೂಚ್ಯಂಕವೂ ಶುರುವಾಯಿತು. ಇಂದು ಕೇಂದ್ರ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕಕ್ಕಾಗಿ ದರ ಬರೆದುಕೊಳ್ಳುವ ಕೇಂದ್ರಗಳಲ್ಲಿ ಸೊಲ್ಲಾಪುರವೂ ಒಂದು. ಬೀಡಿಯವರಿಗೆ ಸಿಗುವ ತುಟ್ಟಿಭತ್ಯೆ ಎಂಬ ನಾಲ್ಕು ಕಾಸು ಏರುವುದು ಇಂಥ ಸೂಚ್ಯಂಕ ಏರಿದಾಗ.

ಇದನ್ನು ಓದಿದಾಗ ನನಗೆ ಉಪ್ಪನ ಬಾಕಿ ಪುಸ್ತಕ ನೆನಪಾಯಿತು. ಸರಕಾರ ಅಧಿಕಾರಿಗಳನ್ನು ಕಳಿಸಿ ಬರೆಸಿದ ಲೆಕ್ಕವನ್ನೇ ನಮ್ಮ ಪೇಟೆಯ ಒಬ್ಬ ಅಂಗಡಿಯವ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.

ಕಾಲ ಕಳೆದಂತೆ ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಂಡಸರು ಪವರ್‌ಲೂಮಿಗೆ, ಹಮಾಲಿಗೆ, ರಿಕ್ಷಾಕ್ಕೆ ಹೋದರು. ಮನೆಯ ಒಲೆ ಉರಿಸಿದ್ದು ಹೆಂಗಸರ ಬೀಡಿ. ಅಲ್ಲಿ ಹತ್ತಾರು ಸಾವಿರ ಹೆಂಗಸರು ಬೀಡಿ ಕಟ್ಟುತ್ತಾರೆ, ಹೆಚ್ಚಿನವರು ಪದ್ಮಶಾಲಿ ಕುಟುಂಬದವರು. ಇರುವುದು ನಗರದೊಳಗಿನ ಇಕ್ಕಟ್ಟಿನ ಬಾಡಿಗೆ ಕೋಣೆಗಳಲ್ಲಿ.

ಕೂಲಿ ಹೆಚ್ಚಿಸುವುದೋ, ಬಾಡಿಗೆ ಇಲ್ಲವಾಗಿಸುವುದೋ

ಒಂದು ಸುಲಭ ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಸಾವಿರ ಬೀಡಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಅಡುಗೆ, ನೀರು, ಮಕ್ಕಳ ನಡುವೆ ಒಬ್ಬಳು ದಿನಕ್ಕೆ 700 ಬೀಡಿ ಕಟ್ಟಿದರೆ 140 ರೂಪಾಯಿ. ತಿಂಗಳಿಗೆ 25 ದಿನ ಕೆಲಸ ಸಿಕ್ಕಿದರೆ 17,500 ಬೀಡಿ, 3,500 ರೂಪಾಯಿ. ಬಾಡಿಗೆ 1,000 ರೂಪಾಯಿ ಆದರೆ ಅದಕ್ಕೆ ಬೇಕಾದದ್ದು 5,000 ಬೀಡಿ. ಅಂದರೆ ತಿಂಗಳ ಮೊದಲ ಏಳು ದಿನ ಅವಳು ಕಟ್ಟುವುದು ಮನೆಯ ಧಣಿಗಾಗಿ. ಎಂಟನೇ ದಿನದಿಂದ ಅಕ್ಕಿಗಾಗಿ.

ಈಗ ಯೂನಿಯನ್‌ನವರು ವರ್ಷಗಟ್ಟಲೆ ಹೋರಾಡಿ ಸಾವಿರಕ್ಕೆ 10 ರೂಪಾಯಿ ಹೆಚ್ಚಿಸಿದರು ಎಂದುಕೊಳ್ಳಿ. ತಿಂಗಳಿಗೆ ಅವಳಿಗೆ ಸಿಗುವುದು 175 ರೂಪಾಯಿ. ಅಷ್ಟರಲ್ಲಿ ಬಾಡಿಗೆಯೇ 200 ಏರಿರುತ್ತದೆ.

ಇನ್ನೊಂದು ವಿಷಯವೂ ಉಂಟು. ಬೀಡಿಯವಳ ಮನೆ ಬರೀ ಮನೆಯಲ್ಲ, ಅದು ಕಾರ್ಖಾನೆ. ಎಲೆ ನೆನೆಸುವುದು ಅಲ್ಲೇ, ಕತ್ತರಿಸುವುದು, ಕಟ್ಟುವುದು ಅಲ್ಲೇ. ಆ ಜಾಗದ ಬಾಡಿಗೆ, ಬೆಳಕಿನ ಖರ್ಚು, ಕತ್ತರಿ, ಎಲೆ ಕಡಿಮೆ ಬಿದ್ದರೆ ಹೊರಗೆ ಕೊಳ್ಳುವ ಎಲೆ ಎಲ್ಲವೂ ಅವಳ ತಲೆಗೇ. ಕಂಪೆನಿ ಕೊಡುವುದು ಕಟ್ಟಿದ ಬೀಡಿಗೆ ಮಾತ್ರ. ನಮ್ಮ ಅಂಗಡಿಯ ಬಾಕಿ ಪುಸ್ತಕದಲ್ಲಿ ಚಿಮಿಣಿ ಎಣ್ಣೆ ಅಷ್ಟು ಸಲ ಯಾಕೆ ಬರುತ್ತಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ. ಅದು ಮನೆಯ ಖರ್ಚಲ್ಲ, ಬೀಡಿಯ ಖರ್ಚು. ಆದರೆ ಕೂಲಿಯ ಲೆಕ್ಕದಲ್ಲಿ ಅದನ್ನು ಯಾರೂ ಹಿಡಿಯಲಿಲ್ಲ.

ಸೊಲ್ಲಾಪುರದ ಹೆಂಗಸರು ಈ ಲೆಕ್ಕವನ್ನು ಹಿಡಿದರು. ಕೂಲಿಯ ಬೇಡಿಕೆಯ ಜೊತೆಗೆ ಮನೆಯ ಬೇಡಿಕೆಯನ್ನೂ ಇಟ್ಟರು. ನಗರದ ಒಳಗೆ ಜಾಗ ಕೈಗೆಟುಕದು, ಅದಕ್ಕೆ ಹೊರಗಿನ ಕುಂಭಾರಿ. ಮುಂದೆ ನಿಂತವರು ನರಸಯ್ಯ ಆಡಂ. ಸೊಲ್ಲಾಪುರದಿಂದ 1978, 1995, 2004ರಲ್ಲಿ ಶಾಸಕರಾಗಿದ್ದ ಕಮ್ಯುನಿಸ್ಟ್ ನಾಯಕ, ಜನರ ಬಾಯಲ್ಲಿ ಆಡಂ ಮಾಸ್ತರ್. ಹೆಂಗಸರ ಸಹಕಾರಿ ಗೃಹ ನಿರ್ಮಾಣ ಸಂಘ ಹುಟ್ಟಿತು. ಅದಕ್ಕೆ ಇಟ್ಟದ್ದು ಗೋದೂತಾಯಿ ಪರುಳೇಕರ್ ಅವರ ಹೆಸರು. 1945ರಿಂದ ಠಾಣೆ ಜಿಲ್ಲೆಯ ವಾರ್ಲಿ ಆದಿವಾಸಿಗಳ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿದ, ಆ ಅನುಭವ ಬರೆದ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಹೆಂಗಸು ಅವರು. ಕೇಂದ್ರ ಸರಕಾರ, ರಾಜ್ಯ ಸರಕಾರ, ಬೀಡಿ ಕಟ್ಟುವ ಹೆಂಗಸು ಮೂವರೂ ಪಾಲು ಹಾಕಿ 10,000 ಮನೆಗಳಾದವು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಅವುಗಳನ್ನು ಹಸ್ತಾಂತರಿಸಿದರು.

ಅದರ ಬೆನ್ನಿಗೆ ಅದೇ ಕುಂಭಾರಿಯಲ್ಲಿ ರೇ ನಗರ ಎಂಬ ಇನ್ನೂ ದೊಡ್ಡ ಯೋಜನೆ, 30,000 ಮನೆಗಳದ್ದು. ಬೀಡಿಯವರಷ್ಟೇ ಅಲ್ಲ, ಕೈಮಗ್ಗ, ಪವರ್‌ಲೂಮಿನವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು, ಡ್ರೈವರುಗಳು ಅದರಲ್ಲಿ ಸೇರಿದ್ದಾರೆ. 2019ರ ಜನವರಿ 9ರಂದು ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿದರು. 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಕೊಟ್ಟರು. 2019ರಲ್ಲಿ ವೇದಿಕೆಯ ಮೇಲೆ ಮೋದಿಯವರನ್ನು ಹೊಗಳಿದ್ದಕ್ಕೆ ಆಡಂ ಮಾಸ್ತರರನ್ನು ಅವರದೇ ಪಕ್ಷ ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತು ಮಾಡಿತು. ಯಾರು ಸರಿ, ಯಾರು ತಪ್ಪು ಎಂಬುದು ನನ್ನ ವಿಷಯವಲ್ಲ. ಎರಡು ಬೇರೆ ಬೇರೆ ಪಕ್ಷಗಳ ಪ್ರಧಾನಿಗಳು ಒಂದೇ ಹಳ್ಳಿಗೆ ಬಂದು ಕೂಲಿಯವರಿಗೆ ಬೀಗದ ಕೈ ಕೊಟ್ಟರು ಎಂಬುದು ನನಗೆ ದೊಡ್ಡದಾಗಿ ಕಂಡಿತು.

ಬಾಗಿಲಲ್ಲಿ ಕೂತಿದ್ದ ಆ ಹೆಂಗಸಿನಲ್ಲಿ ಫಿಟ್ಟರನ ಮೂಲಕ ಕೇಳಿದೆ, ಮನೆ ಬಂದ ಮೇಲೆ ಏನಾಯಿತು ಎಂದು. ಅವರು ತೆಲುಗು ಮನೆಯವರು, ಮರಾಠಿಯಲ್ಲಿ ಹೇಳಿದರು. ಬಾಡಿಗೆ ಹೋಯಿತು, ಬಸ್ಸಿನ ಖರ್ಚು ಬಂತು. ಊರು ದೂರ, ಗಂಡನ ಕೆಲಸ ಇನ್ನೂ ಅಲ್ಲೇ. ಆದರೂ "ಇಲ್ಲಿಂದ ಎದ್ದು ಹೋಗು ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ" ಎಂದರು. ಕೊನೆಗೆ ಅವರು ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಊರಲ್ಲೂ ಬೀಡಿ ಕಟ್ಟುತ್ತಾರಾ? ಅವರಿಗೆ ಮನೆ ಯಾರು ಕೊಟ್ಟರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ.

ನಮಗೆ ಮನೆ ಯಾರು ಕೊಟ್ಟರು?

ನಮ್ಮ ಕಡೆ ಬೀಡಿಯ ಕತೆ ಬೇರೆ ದಾರಿ ಹಿಡಿಯಿತು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವಳನ್ನೂ ಅದು ಕಾರ್ಮಿಕಳೆಂದು ಒಪ್ಪಿತು. ಕೇರಳ ಅದನ್ನು ಜಾರಿಗೆ ತರಲು ಹೊರಟಾಗ, ಮಂಗಳೂರು ಮೂಲದ ದೊಡ್ಡ ಬೀಡಿ ಉದ್ಯಮ 1968ರಲ್ಲಿ ಕಣ್ಣೂರು ಕಡೆಯ ತನ್ನ ಕೆಲಸ ನಿಲ್ಲಿಸಿತು. ಸುಮಾರು 12,000 ಜನ ಬೀದಿಗೆ ಬಿದ್ದರು. ಅವರು 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡರು. ಕಾಯ್ದೆಯ ವಿರುದ್ಧದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಾನೂನು ಪುಸ್ತಕಗಳಲ್ಲಿ ಆ ಪ್ರಕರಣದ ಹೆಸರು ಶುರುವಾಗುವುದೇ ಮಂಗಳೂರು ಎಂಬ ಪದದಿಂದ. ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಸಲ್ಲಬೇಕು ಎಂದು ಅದೇ ಕೋರ್ಟು 1985ರಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿತು. 1976ರ ಕಲ್ಯಾಣ ನಿಧಿಯಿಂದ ಬಂದದ್ದು ನಾವೆಲ್ಲ ಬಲ್ಲ ಬೀಡಿ ಸ್ಕಾಲರ್‌ಶಿಪ್.

ಅದೇ 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ನಮ್ಮ ಹಿರಿಯರು ಅದನ್ನು "ಡಿಕ್ಲರೇಶನ್" ಎಂದೇ ಕರೆಯುತ್ತಾರೆ. ಗೇಣಿಗೆ ದುಡಿಯುತ್ತಿದ್ದ ಎಷ್ಟೋ ಕುಟುಂಬಗಳಿಗೆ, ಅದರಲ್ಲಿ ನಮ್ಮವರೂ ಇದ್ದಾರೆ, ಭೂಮಿ ಸಿಕ್ಕಿತು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರಿಗೆ ಅಡಿಸ್ಥಳದ ಹಕ್ಕು ಬಂತು. ಸಿಗದವರೂ ಇದ್ದರು, ಅರ್ಜಿ ಹಾಕಲು ಹೆದರಿದವರೂ ಇದ್ದರು. ಆದರೆ ಸಿಕ್ಕವರ ಮನೆಯಲ್ಲಿ ಏನಾಯಿತು ನೋಡಿ. ಸೊಲ್ಲಾಪುರದ ಹೆಂಗಸಿನ ಮೊದಲ ಏಳು ದಿನದ ಬೀಡಿ ಬಾಡಿಗೆಗೆ ಹೋಗುತ್ತಿತ್ತು. ನಮ್ಮ ಉಮ್ಮಂದಿರ ಆ ಏಳು ದಿನ ಹಂಚಿಗೆ, ಮಗಳ ಒಂದು ಜೊತೆ ಅಲಿಕತ್ತಿಗೆ, ಮಗನ ಫೀಸಿಗೆ, ಕೊನೆಗೆ ಅವನ ಪಾಸ್‌ಪೋರ್ಟಿಗೆ ಉಳಿಯಿತು.

ಹಾಗಾಗಿ ನಾನು ತಿಳಿದುಕೊಂಡದ್ದು ಇಷ್ಟು. ಸಾವಿರಕ್ಕೆ ಎಷ್ಟು ಕೊಡುತ್ತಾರೆ ಎಂಬುದು ಕೂಲಿಯ ಅರ್ಧ ಲೆಕ್ಕ. ತಲೆಯ ಮೇಲಿನ ಸೂರು ಯಾರದ್ದು ಎಂಬುದು ಇನ್ನರ್ಧ. ಕಣ್ಣೂರಿನವರು ಕಾರ್ಖಾನೆಯನ್ನು ತಮ್ಮದಾಗಿಸಿಕೊಂಡರು. ಸೊಲ್ಲಾಪುರದವರು ಮನೆಯನ್ನು ತಮ್ಮದಾಗಿಸಿಕೊಂಡರು. ನಮ್ಮವರು ಅಡಿಸ್ಥಳ ಉಳಿಸಿಕೊಂಡು ಮಗನನ್ನು ಗಲ್ಫಿಗೆ ಕಳಿಸಿದರು.

ಈ ಲೆಕ್ಕ ಇಂದಿಗೂ ಹಳತಾಗಿಲ್ಲ. ನನ್ನ ಜೊತೆ ಓದಿದ ಒಬ್ಬ ಗಲ್ಫಿನಲ್ಲಿ ಜಿಪ್ಸಂ ಬೋರ್ಡಿನ ಕೆಲಸಕ್ಕಿದ್ದಾನೆ. ಬೋರ್ಡು ಕೂಡುವಲ್ಲಿ ಟೇಪ್ ಅಂಟಿಸಿ ಪುಟ್ಟಿ ಎಳೆದು, ಒಣಗಿದ ಮೇಲೆ ತಿಕ್ಕಿ ನಯ ಮಾಡುವುದು. ಮೀಟರ್ ಲೆಕ್ಕದಲ್ಲಿ ಸಂಬಳ. "ಮೀಟರಿಗೆ ಎಷ್ಟು?" ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. "ಬೆಡ್ ಸ್ಪೇಸಿಗೆ ಎಷ್ಟು ಹೋಗುತ್ತದೆ, ಪುಟ್ಟಿ ಒಣಗುವವರೆಗೆ ಕಾಯುವ ಹೊತ್ತಿಗೆ ಯಾರು ಕೊಡುತ್ತಾರೆ?" ಎಂದು ಯಾರೂ ಕೇಳುವುದಿಲ್ಲ. ಹೊರಗೆ ಹೋಗುವ ನಮ್ಮ ಹುಡುಗರು ಮೊದಲು ಕೇಳಬೇಕಾದ ಪ್ರಶ್ನೆ ಅದು. ಕೂಲಿ ಒಂದು ಕಾಗದದಲ್ಲಿ ಬರೆದಿರುತ್ತದೆ, ಖರ್ಚು ಬೇರೆ ಬೇರೆ ಕಡೆ ಚದುರಿರುತ್ತದೆ.

ಬರೆದಿಡಬೇಕಾದದ್ದು

ನಮ್ಮ ಸಮುದಾಯದ ಚರಿತ್ರೆ ಎಂದರೆ ನಾವು ಸಾಮಾನ್ಯವಾಗಿ ಅರಬರ ಜೊತೆಗಿನ ವ್ಯಾಪಾರ, ಬಂದರು, ಆಮೇಲೆ ಗಲ್ಫ್ ಎಂದು ಹೇಳಿ ಮುಗಿಸುತ್ತೇವೆ. ಎಲ್ಲ ಗಂಡಸರ ಕತೆ. ವ್ಯಾಪಾರ ಮತ್ತು ಗಲ್ಫಿನ ನಡುವೆ ಮೂರು ನಾಲ್ಕು ದಶಕ ಮನೆ ನಡೆದದ್ದು ಬೀಡಿಯಿಂದ ಎಂಬುದನ್ನು ಬರೆದವರು ಕಡಿಮೆ. ಈಗ ಬೀಡಿ ಕಡಿಮೆಯಾಗುತ್ತಿದೆ. ಅದು ಒಳ್ಳೆಯದೇ, ಆ ತಂಬಾಕಿನ ಧೂಳು ಎಷ್ಟು ಉಮ್ಮಂದಿರ ಎದೆ ಸೇರಿದೆ ಎಂದು ಕೆಮ್ಮು ಕೇಳಿದವರಿಗೆ ಗೊತ್ತು. ಬೀಡಿಯ ಮೇಲಿದ್ದ ಕಲ್ಯಾಣ ಸೆಸ್ 2017ರಲ್ಲಿ ಜಿ.ಎಸ್‌.ಟಿ. ಬಂದಾಗ ಹೋಯಿತು. 1966ರ ಕಾಯ್ದೆಯನ್ನೂ 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಗುರುತೆಲ್ಲ ಒಂದೊಂದಾಗಿ ಅಳಿಯುತ್ತಿದೆ.

ಊರಿಗೆ ಬಂದ ಮೇಲೆ ಉಮ್ಮನಲ್ಲಿ ಕೇಳಿದೆ. "ನನ್ನ ಫೀಸಿಗೆ ಬೀಡಿಯದ್ದು ಎಷ್ಟು ಹೋಯಿತು?" ಉಮ್ಮ ನಕ್ಕು, "ಅದನ್ನೆಲ್ಲ ಯಾರು ಬರೆದಿಡುತ್ತಾರೆ? ಉಪ್ಪನ ಪುಸ್ತಕದಲ್ಲಿ ಉಂಟೋ ನೋಡು" ಎಂದರು. ಉಪ್ಪ ತೀರಿಕೊಂಡು ಅಂಗಡಿ ಮುಚ್ಚಿದಾಗ ಬಾಕಿ ಪುಸ್ತಕಗಳನ್ನೆಲ್ಲ ಗುಜರಿಗೆ ಹಾಕಿದ್ದು ನಾನೇ. ಕಿಲೋ ಲೆಕ್ಕದಲ್ಲಿ. ಅಟ್ಟದಲ್ಲಿ ಹುಡುಕಿದಾಗ ಒಂದು ಸಿಕ್ಕಿತು. ಅದರಲ್ಲಿ ಉಮ್ಮನ ಹೆಸರು ಇಲ್ಲ. "ಮನೆ" ಎಂದು ಒಂದು ಪುಟ ಉಂಟು. ಅದರಲ್ಲಿ ಪ್ರತಿ ಬಟವಾಡೆಗೆ ಒಂದು ಮೊತ್ತ ಜಮೆಯಾಗಿದೆ. ಅಂದರೆ ಉಮ್ಮ ತನ್ನ ಬೀಡಿಯ ದುಡ್ಡನ್ನು ತನ್ನ ಗಂಡನ ಅಂಗಡಿಗೇ ಜಮೆ ಮಾಡುತ್ತಿದ್ದರು. ಉಪ್ಪ ಅದನ್ನು ಬಾಕಿದಾರರ ಸಾಲಿನಲ್ಲೇ, ಒಂದು ಪೈಸೆ ಬಿಡದೆ ಬರೆದಿದ್ದಾರೆ.

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಬೀಡಿಯ ಪಾಸ್‌ಬುಕ್, ಗುರುತಿನ ಚೀಟಿ, ಪಿ.ಎಫ್. ಕಾಗದ, ಸ್ಕಾಲರ್‌ಶಿಪ್ಪಿನ ಅರ್ಜಿಯ ಪ್ರತಿ ಇದ್ದರೆ ಬಿಸಾಡಬೇಡಿ. ಪಿ.ಎಫ್. ಹಣ ಬರಲು ಬಾಕಿ ಇದೆಯೋ ಎಂದೂ ಒಮ್ಮೆ ನೋಡಿ. ಉಮ್ಮನ ಹತ್ತಿರ ಕೂತು ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಯಾವ ವರ್ಷ ಕಟ್ಟಲು ಶುರು ಮಾಡಿದಿರಿ, ಆಗ ಸಾವಿರಕ್ಕೆ ಎಷ್ಟು, ಆ ವಾರ ಅಕ್ಕಿಗೆ ಎಷ್ಟು, ಆ ದುಡ್ಡಿನಲ್ಲಿ ಮೊದಲು ತೆಗೆದುಕೊಂಡದ್ದು ಏನು. ಸೊಲ್ಲಾಪುರದ ಗಿರಣಿಯವರಿಗೆ ಈ ಲೆಕ್ಕವನ್ನು ಸರಕಾರ ಸುಮಾರು ನೂರು ವರ್ಷದ ಹಿಂದೆಯೇ ಬರೆದಿಟ್ಟಿದೆ. ನಮ್ಮ ಉಮ್ಮಂದಿರದ್ದನ್ನು ನಾವೇ ಬರೆಯಬೇಕು, ಅವರು ಹೇಳಲು ಇರುವಾಗಲೇ.